ಕುರಿಮೇಕೆಗಳ ಪಿ.ಪಿ.ಆರ್. ಜಾಡ್ಯವೂ ಅದನ್ನು ಗುರುತಿಸುವ ಪ್ರತಿಕಾಯ ಪರೀಕ್ಷೆಯೂ
(ಹುತ್ತೂರು ಹೋಬಳಿಯ ವ್ಯವಸಾಯ ಇನ್ಸ್‌ಪೆಕ್ಟರರಿಂದ)

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಸೀಮೆಯಲ್ಲಿ ಮಳೆ ತಪ್ಪಿದ ವರ್ಷ ಒಕ್ಕಲಿನವನ ಕೈಹಿಡಿಯುವುವು ಅವನ ಕುರಿಮೇಕೆಗಳೇ ಎಂಬುದು ವಾಚಕರೆಲ್ಲರಿಗೂ ತಿಳಿದ ವಿಷಯವಾಗಿದೆ. ಮಂದೆಯನ್ನು ಹೊಲದಲ್ಲಿ ತಂಗಿಸಿ ರಾಗಿಯ ಭೂಮಿಗೆ ಗೊಬ್ಬರ ಪಡೆಯುವ ಭೂಮಾಲೀಕರಿಗೂ ಇವುಗಳಿಂದಾಗುವ ಉಪಕಾರವು ಅಲ್ಪವಲ್ಲ. ಇಂತಹ ಮಂದೆಯನ್ನು ಕೆಲವೇ ದಿನಗಳಲ್ಲಿ ಬರಿದು ಮಾಡಬಲ್ಲ ಅಂಟುಜಾಡ್ಯಗಳಲ್ಲಿ ಪಿ.ಪಿ.ಆರ್. ಎಂಬುದು ಮುಖ್ಯವಾದುದು. ಕೆಲವು ಕಡೆ ಇದನ್ನು ಹಿರೇಬೇನೆಯೆಂದೂ ಕರೆಯುವರು. ಇದನ್ನು ಪ್ರಯೋಗಶಾಲೆಯಲ್ಲಿ ನಿರ್ಧರಿಸುವ ಕ್ರಮವನ್ನೂ, ಆ ನಿರ್ಣಯವನ್ನು ಗ್ರಾಮದ ಯಜಮಾನರು ಅರ್ಥಮಾಡಿಕೊಳ್ಳಬೇಕಾದ ರೀತಿಯನ್ನೂ ಇಲ್ಲಿ ವಿವರಿಸಲಾಗುವುದು.

1. ಜಾಡ್ಯದ ಪೂರ್ವೋತ್ತರ

ಈ ಜಾಡ್ಯವನ್ನು 1942ರಲ್ಲಿ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ದೇಶದಲ್ಲಿ ಮೊದಲು ವರ್ಣಿಸಲಾಯಿತು. ಭಾರತದಲ್ಲಿ ಇದು ಮೊದಲು ಕಂಡುಬಂದುದು 1987ರಲ್ಲಿ, ತಮಿಳುನಾಡಿನ ಅರಸೂರು ಎಂಬ ಗ್ರಾಮದ ಕುರಿಗಳಲ್ಲಿ. ಅದು ಪಿ.ಪಿ.ಆರ್. ಎಂದು ಸ್ಥಿರಪಡಿಸಿ 1989ರಲ್ಲಿ ಪ್ರಕಟಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ॥ ಎಂ. ಎಸ್. ಶೈಲಾ ಅವರು ಪ್ರಮುಖರು.

ನಮ್ಮ ಹಿರಿಯರು ದೊಡ್ಡರೋಗವೆಂದು ಹೆದರುತ್ತಿದ್ದ ದನಗಳ ಜಾಡ್ಯದ ವೈರಸ್ಸಿಗೆ ಇದರ ವೈರಸ್ಸು ಹತ್ತಿರದ ಸಂಬಂಧಿ. ದೊಡ್ಡರೋಗವು ಲಸಿಕೆಯಿಂದಲೂ ಎಡೆಬಿಡದ ರಕ್ತಪರೀಕ್ಷೆಯಿಂದಲೂ ಅಳಿದು, 2011ರಲ್ಲಿ ಪ್ರಪಂಚವೇ ಅದರಿಂದ ಮುಕ್ತವಾಯಿತೆಂದು ಘೋಷಿಸಲ್ಪಟ್ಟಿತು. ಪಿ.ಪಿ.ಆರ್. ಅನ್ನೂ 2030ರೊಳಗೆ ಹಾಗೆಯೇ ಅಳಿಸಬೇಕೆಂಬುದು ಅಂತರರಾಷ್ಟ್ರೀಯ ಸಂಸ್ಥೆಗಳ ಸಂಕಲ್ಪವಾಗಿದೆ.

2. ಲಕ್ಷಣಗಳು

ಸೋಂಕು ತಗುಲಿದ ಸುಮಾರು ನಾಲ್ಕೈದು ದಿನಗಳಲ್ಲಿ ತೀವ್ರವಾದ ಜ್ವರ ಬರುವುದು. ಕಣ್ಣು ಮೂಗುಗಳಿಂದ ಮೊದಲು ನೀರೂ ಅನಂತರ ಗಟ್ಟಿಯಾದ ಸಿಂಬಳವೂ ಸುರಿಯುವುವು. ಒಸಡು, ತುಟಿ, ನಾಲಗೆಗಳಲ್ಲಿ ಹುಣ್ಣಾಗಿ ದುರ್ವಾಸನೆ ಬರುವುದು. ಬಳಿಕ ಭೇದಿಯೂ, ಕೆಮ್ಮು ಉಬ್ಬಸಗಳೂ ಉಂಟಾಗಿ ಅನೇಕ ಮರಿಗಳು ಸಾಯುವುವು. ಮನುಷ್ಯರಿಗೆ ಈ ಜಾಡ್ಯವು ಅಂಟುವುದಿಲ್ಲ.

ಆದರೆ ಬಾಯಿಹುಣ್ಣು ನೀಲಿನಾಲಿಗೆ ರೋಗದಲ್ಲಿಯೂ ಕಾಲುಬಾಯಿ ಜ್ವರದಲ್ಲಿಯೂ ಉಂಟು; ಉಬ್ಬಸವು ಗಳಲೆರೋಗದಲ್ಲಿಯೂ ಉಂಟು. ಆದುದರಿಂದ ಕಣ್ಣಿನಿಂದ ನೋಡಿ ಮಾಡುವ ನಿರ್ಣಯವು ಊಹೆಯೇ ಹೊರತು ನಿಶ್ಚಯವಲ್ಲ. ಒಂದು ಜಾಡ್ಯದ ಲಸಿಕೆಯು ಮತ್ತೊಂದನ್ನು ತಡೆಯಲಾರದಾದ ಕಾರಣ, ನಿಶ್ಚಯವಿಲ್ಲದ ಚಿಕಿತ್ಸೆಯಿಂದ ಹಣವೂ ಕಾಲವೂ ವ್ಯರ್ಥವಾಗುವುವು.

3. ಪ್ರತಿಕಾಯವೆಂದರೇನು?

ಈ ವೈರಸ್ಸಿನ ಮೈಮೇಲೆ ತೆಳುವಾದ ಪೊರೆಯೊಂದಿರುವುದು. ಆ ಪೊರೆಯಲ್ಲಿ ನಾಟಿಕೊಂಡಿರುವ 'ಎಚ್' ಎಂಬ ಪ್ರೋಟೀನಿನ ಮೂಲಕವೇ ವೈರಸ್ಸು ಕುರಿಯ ಜೀವಕಣಗಳಿಗೆ ಅಂಟಿಕೊಳ್ಳುವುದು. ಸೋಂಕು ತಗುಲಿದ ಅಥವಾ ಲಸಿಕೆ ಪಡೆದ ಕುರಿಯ ದೇಹವು ಈ ಪ್ರೋಟೀನನ್ನು ಹಿಡಿದು ನಿಲ್ಲಿಸುವ ವಸ್ತುಗಳನ್ನು ರಕ್ತದಲ್ಲಿ ಸೃಷ್ಟಿಸುವುದು. ಇವೇ ಪ್ರತಿಕಾಯಗಳು. ಕಿವಿಯ ಗುರುತನ್ನು ಕಂಡು ಇದು ಇಂಥವರ ಕುರಿಯೆಂದು ಕುರುಬನು ಹೇಳುವಂತೆ, ಪ್ರತಿಕಾಯವು ತನ್ನ ಗುರುತಿನ ವಸ್ತುವನ್ನು ಮಾತ್ರ ಹಿಡಿಯುವುದು.

ಇಂತಹ ಪ್ರತಿಕಾಯಗಳಲ್ಲಿ ಒಂದೇ ಬಗೆಯದನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಎಂಬ ವಿಜ್ಞಾನಿಗಳು ಕಂಡುಹಿಡಿದರು. ಇಲಿಯ ಗುಲ್ಮದ ಜೀವಕಣವನ್ನು, ನಿಲ್ಲದೆ ಬೆಳೆಯುವ ಗೆಡ್ಡೆಯ ಜೀವಕಣದೊಡನೆ ಕೂಡಿಸುವುದೇ ಆ ವಿಧಾನ. ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮುಕ್ತೇಶ್ವರದ ಪ್ರಯೋಗಶಾಲೆಯವರು ಇದೇ ಕ್ರಮದಿಂದ ಎಚ್ ಪ್ರೋಟೀನನ್ನು ಹಿಡಿಯುವ ಪ್ರತಿಕಾಯವನ್ನು ಪಡೆದು, ಪಿ.ಪಿ.ಆರ್. ಪರೀಕ್ಷೆಯನ್ನು ನಮ್ಮ ದೇಶದಲ್ಲಿಯೇ ಸಿದ್ಧಪಡಿಸಿದರು.

4. ಎರಡು ಪರೀಕ್ಷೆಗಳು

ಮೊದಲನೆಯದು ವೈರಸ್ಸನ್ನೇ ಹುಡುಕುವ ಪರೀಕ್ಷೆ. ಜ್ವರವಿರುವ ಕುರಿಯ ಕಣ್ಣು, ಮೂಗು, ಬಾಯಿಗಳ ಸ್ರಾವವನ್ನು ಹತ್ತಿಯಿಂದ ಒರೆಸಿ ತೆಗೆದು ಕಳುಹಿಸುವರು. ಇದರಲ್ಲಿ ವೈರಸ್ಸಿನ ಮತ್ತೊಂದು ಪ್ರೋಟೀನನ್ನು ಪ್ರತಿಕಾಯದಿಂದ ಹಿಡಿಯುವರು. ಬಣ್ಣ ಮೂಡಿದರೆ ವೈರಸ್ಸಿದೆ ಎಂದರ್ಥ.

ಎರಡನೆಯದು ಕುರಿಯ ರಕ್ತದಲ್ಲಿರುವ ಪ್ರತಿಕಾಯವನ್ನು ಹುಡುಕುವ ಪೈಪೋಟಿ ಪರೀಕ್ಷೆ. ವೈರಸ್ಸಿನ ಅಂಶವನ್ನು ಲೇಪಿಸಿದ ತಟ್ಟೆಯ ಕುಳಿಗಳಿಗೆ ಕುರಿಯ ರಕ್ತರಸವನ್ನೂ, ಮೇಲೆ ಹೇಳಿದ ಎಚ್ ಪ್ರೋಟೀನಿನ ಪ್ರತಿಕಾಯವನ್ನೂ ಹಾಕುವರು. ಜಗಲಿ ಒಂದೇ, ಕುಳಿತುಕೊಳ್ಳುವವರು ಇಬ್ಬರು. ಕುರಿಯ ಪ್ರತಿಕಾಯಗಳು ಸ್ಥಳವನ್ನು ಆಕ್ರಮಿಸಿದರೆ ಪ್ರಯೋಗಶಾಲೆಯ ಪ್ರತಿಕಾಯಕ್ಕೆ ಎಡೆಯಿಲ್ಲದೆ ಬಣ್ಣವು ಪೇಲವವಾಗುವುದು. ಕುರಿಯಲ್ಲಿ ಪ್ರತಿಕಾಯವಿಲ್ಲದಿದ್ದರೆ ಬಣ್ಣವು ಗಾಢವಾಗುವುದು.

5. ಫಲಿತಾಂಶದ ಅರ್ಥ

ವಾಚಕರು ಮುಖ್ಯವಾಗಿ ಗಮನಿಸತಕ್ಕ ಅಂಶವು ಇದೇ. ರಕ್ತದಲ್ಲಿ ಪ್ರತಿಕಾಯವಿದೆಯೆಂಬ ವರದಿಯು ಕುರಿಗೆ ಈಗ ಜಾಡ್ಯವಿದೆಯೆಂದು ಹೇಳುವುದಿಲ್ಲ. ಅದು ಲಸಿಕೆಯಿಂದ ಬಂದಿರಬಹುದು. ಹಿಂದೆ ಬಂದು ವಾಸಿಯಾದ ಜಾಡ್ಯದಿಂದ ಉಳಿದಿರಬಹುದು. ಎಳೆಯ ಮರಿಯಾದರೆ ತಾಯಿಯ ಗಿಣ್ಣುಹಾಲಿನಿಂದ ಬಂದಿರಬಹುದು. ಇವುಗಳಲ್ಲಿ ಯಾವುದೆಂಬುದನ್ನು ಈ ಪರೀಕ್ಷೆಯು ವಿಂಗಡಿಸಲಾರದು. ಅದನ್ನು ತಿಳಿಸಬಲ್ಲುದು ಮಂದೆಯ ಲೆಕ್ಕದ ಪುಸ್ತಕವೊಂದೇ. ಲಸಿಕೆಯ ತಾರೀಖನ್ನು ಬರೆದಿಡದ ಊರಿನಲ್ಲಿ ಕಾಪು ಪಡೆದ ಮಂದೆಯನ್ನು ರೋಗದ ಮಂದೆಯೆಂದು ಹೆದರಿ ಅಗ್ಗಕ್ಕೆ ಮಾರುವ ಸಂಭವವೂ, ರೋಗವು ಹೊಕ್ಕು ಹೊರಟ ಮಂದೆಯನ್ನು ಲಸಿಕೆ ಪಡೆದುದೆಂದು ನಂಬಿ ನೆರೆಯ ಮಂದೆಗಳನ್ನು ಅಲಕ್ಷಿಸುವ ಸಂಭವವೂ ಇರುವುವು.

ಹಾಗೆಯೇ ಜಾಡ್ಯದ ಮೊದಲ ದಿನಗಳಲ್ಲಿ ರಕ್ತದಲ್ಲಿ ಪ್ರತಿಕಾಯವು ಇನ್ನೂ ಹುಟ್ಟಿರುವುದಿಲ್ಲ. ಆಗ 'ಇಲ್ಲ' ಎಂಬ ವರದಿಯನ್ನು ನಂಬಿ ಕುರಿಗಳನ್ನು ಸಂತೆಗೆ ಹೊಡೆಯಕೂಡದು. ಎರಡು ಮೂರು ವಾರಗಳ ಬಳಿಕ ಮತ್ತೊಮ್ಮೆ ರಕ್ತವನ್ನು ಪರೀಕ್ಷಿಸಿದರೆ ನಿಜಸ್ಥಿತಿಯು ತಿಳಿಯುವುದು.

6. ಗ್ರಾಮದ ಮುಖಂಡರು ಮಾಡಬೇಕಾದುದು

(ಅ) ಜ್ವರ, ಸಿಂಬಳ, ಬಾಯಿಹುಣ್ಣುಗಳು ಒಂದಕ್ಕಿಂತ ಹೆಚ್ಚು ಕುರಿಗಳಲ್ಲಿ ಕಂಡೊಡನೆ ಪಶುವೈದ್ಯರಿಗೆ ತಿಳಿಸತಕ್ಕದ್ದು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯಿದೆಯು ವರದಿ ಮಾಡುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿರುವುದು.

(ಆ) ಸ್ರಾವ ಮತ್ತು ರಕ್ತಗಳನ್ನು ಪಶುವೈದ್ಯರೇ ತೆಗೆಯಬೇಕು. ಜ್ವರವು ಹೊಸದಾಗಿರುವ ಕುರಿಗಳನ್ನು ಅವರಿಗೆ ತೋರಿಸತಕ್ಕದ್ದು. ಸಾಯುವ ಹಂತದ ಕುರಿಯೊಂದನ್ನೇ ತೋರಿಸಿದರೆ ಸಾಲದು. ಮಾದರಿಗಳು ಮಂಜುಗಡ್ಡೆಯಲ್ಲಿಯೇ ಹೋಗಬೇಕು. ಬಿಸಿಲಿನಲ್ಲಿ ಅವು ಕೆಡುವುವು.

(ಇ) ರೋಗದ ಕುರಿಗಳನ್ನು ಬೇರೆ ಕಟ್ಟಿ, ಮೇವುನೀರುಗಳನ್ನು ಬೇರೆಯಾಗಿಯೇ ಕೊಡಬೇಕು. ಸತ್ತವುಗಳನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು, ಕೆರೆಯಂಗಳದಲ್ಲಿ ಎಸೆಯಕೂಡದು.

(ಈ) ಸಂತೆಯಿಂದ ತಂದ ಕುರಿಗಳನ್ನು 21 ದಿನಗಳ ಕಾಲ ಮಂದೆಗೆ ಸೇರಿಸಕೂಡದು.

(ಉ) ನಾಲ್ಕು ತಿಂಗಳು ತುಂಬಿದ ಮರಿಗಳಿಗೆಲ್ಲ ಲಸಿಕೆ ಹಾಕಿಸಬೇಕು. ಇದರ ಕಾಪು ಮೂರು ವರ್ಷಗಳಿಗೆ ಕಡಿಮೆಯಿಲ್ಲದೆ ಇರುವುದು. ಅದಕ್ಕಿಂತ ಎಳೆಯವಕ್ಕೆ ತಾಯಿಯಿಂದ ಬಂದ ಪ್ರತಿಕಾಯಗಳೇ ಲಸಿಕೆಗೆ ಅಡ್ಡಿಯಾಗುವುವು. ಅರಸೂರಿನ ಕುರಿಗಳಿಂದ ತೆಗೆದ ವೈರಸ್ಸನ್ನೇ ಸೌಮ್ಯಗೊಳಿಸಿ ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾನಿಲಯದವರು ಒಂದು ಲಸಿಕೆಯನ್ನು ಮಾಡಿರುವರು. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿಯೂ ಪಿ.ಪಿ.ಆರ್. ಲಸಿಕೆಯನ್ನು ತಯಾರಿಸಿರುವರು.

(ಊ) ಲಸಿಕೆಯ ತಾರೀಖು, ಕುರಿಗಳ ಸಂಖ್ಯೆ, ಕೊಂಡ ಮತ್ತು ಮಾರಿದ ವಿವರ, ಇವುಗಳನ್ನು ಮಂದೆಗೊಂದರಂತೆ ಪುಸ್ತಕದಲ್ಲಿ ಬರೆಯಿಸಿಡಬೇಕು. ಓದುಬರಹವಿಲ್ಲದ ಕುರಿಗಾರರ ಪರವಾಗಿ ಊರಿನ ಮುಖಂಡರೇ ಈ ಕೆಲಸವನ್ನು ವಹಿಸಿಕೊಳ್ಳುವುದು ಉಚಿತ.

ಜಾಡ್ಯವನ್ನು ಮುಚ್ಚಿಟ್ಟು ಮಾರಿದ ಒಂದು ಕುರಿಯು ಹತ್ತು ಊರುಗಳ ಮಂದೆಗಳಿಗೆ ಮೃತ್ಯುವನ್ನು ಒಯ್ಯಬಹುದು. ಪರೀಕ್ಷೆಯು ಎಷ್ಟೇ ಸೂಕ್ಷ್ಮವಾದುದಾದರೂ ಅದಕ್ಕೆ ಸಕಾಲದಲ್ಲಿ ಮಾದರಿಯನ್ನೂ ಸತ್ಯವಾದ ವಿವರವನ್ನೂ ಒದಗಿಸಬೇಕಾದವರು ಗ್ರಾಮಸ್ಥರೇ. ಈ ಹೋಬಳಿಯ ಯಜಮಾನರೂ ಭೂಮಾಲೀಕರೂ ಮುಂದಿನ ಲಸಿಕೆಯ ದಿನಕ್ಕೆ ಮೊದಲೇ ತಮ್ಮ ಊರಿನ ಮಂದೆಗಳ ಲೆಕ್ಕವನ್ನು ಸಿದ್ಧಪಡಿಸಿಕೊಳ್ಳುವರೆಂದು ನಂಬಲಾಗಿದೆ.