ಗ್ಲೈಡರ್ ಏರುವ ಮುನ್ನ ನೆಲ ನೋಡಿ

ಗ್ಲೈಡಿಂಗ್ ಕಲಿಯುವ ಆಸೆಯಿದ್ದರೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ನಾಗಮಂಗಲದ ಕಡೆ ಹೊರಡಿ. ದಾರಿಯುದ್ದಕ್ಕೂ ಹದ್ದುಗಳನ್ನು ಗಮನಿಸಿ. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆ, ಕಬ್ಬಿನ ಬಯಲಿನ ಮೇಲೆ ಅವು ರೆಕ್ಕೆ ಬಡಿಯುತ್ತ ತಗ್ಗಿನಲ್ಲೇ ಓಡಾಡುವುದು ಹೆಚ್ಚು. ನೀರಾವರಿ ಹಿಂದೆ ಸರಿದು, ಕೊಯ್ಲಾದ ರಾಗಿ ಹೊಲ, ಬಂಡೆ, ಬೋಳು ದಿಣ್ಣೆ ಶುರುವಾದ ಮೇಲೆ ಅದೇ ಹದ್ದು ರೆಕ್ಕೆ ಅಲುಗಿಸದೆ ಸುತ್ತು ಹಾಕುತ್ತ ಮೇಲೇರಿ ಚುಕ್ಕೆಯಾಗುತ್ತದೆ.

ಕಾರಣ ಸರಳ. ಗದ್ದೆಯ ಮೇಲೆ ಬಿದ್ದ ಬಿಸಿಲಿನ ಬಹುಪಾಲು ನೀರನ್ನು ಆವಿ ಮಾಡುವುದರಲ್ಲೇ ಕಳೆದುಹೋಗುತ್ತದೆ. ಒಣ ನೆಲ ಹಾಗಲ್ಲ. ಬೇಗ ಕಾಯುತ್ತದೆ, ಮೇಲಿನ ಗಾಳಿಯನ್ನೂ ಕಾಯಿಸುತ್ತದೆ. ಕಾದ ಗಾಳಿ ಹಗುರಾಗಿ, ಒಂದು ಬೇಲಿಯೋ ಬಂಡೆಯೋ ನೆಪವಾಗಿ ನೆಲ ಬಿಟ್ಟು ಏಳುತ್ತದೆ. ಇದನ್ನೇ ಗ್ಲೈಡರ್ ಹಾರಿಸುವವರು ಥರ್ಮಲ್ ಎನ್ನುತ್ತಾರೆ. ಏರುವ ಒಣ ಗಾಳಿ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ ತಣ್ಣಗಾಗುತ್ತದೆ. ಸುತ್ತಲಿನ ಗಾಳಿಗಿಂತ ತಾನು ಬೆಚ್ಚಗಿರುವವರೆಗೂ ಅದು ಏರುತ್ತಲೇ ಇರುತ್ತದೆ.

ಗ್ಲೈಡರಿಗೆ ಎಂಜಿನ್ ಇಲ್ಲ. ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಬಿಟ್ಟ ಸೈಕಲ್ಲಿನಂತೆ, ಅದು ತನ್ನ ಸುತ್ತಲಿನ ಗಾಳಿಯಲ್ಲಿ ಸದಾ ಕೆಳಗೆ ಜಾರುತ್ತಲೇ ಮುಂದೆ ಹೋಗುತ್ತದೆ. ತರಬೇತಿಗೆ ಹಲವೆಡೆ ಬಳಸುವ ಎರಡು ಸೀಟಿನ ಎಎಸ್‌ಕೆ-21 ಗ್ಲೈಡರ್ 1 ಮೀಟರ್ ಇಳಿಯುವಷ್ಟರಲ್ಲಿ ಸುಮಾರು 34 ಮೀಟರ್ ಮುಂದೆ ಸಾಗುತ್ತದೆ. ಗಾಳಿಯಿಲ್ಲದ ದಿನ ಕೆ.ಆರ್.ಪೇಟೆಯ ನೆತ್ತಿಯ ಮೇಲೆ 1 ಕಿ.ಮೀ. ಎತ್ತರದಲ್ಲಿ ಬಿಟ್ಟರೆ, ಇಳಿಯಲೆಂದು 200 ಮೀಟರ್ ಕೈಯಲ್ಲಿಟ್ಟುಕೊಂಡೂ ಪಾಂಡವಪುರದ ಆಸುಪಾಸಿಗೆ ಬರಬಹುದು, ಲೆಕ್ಕದ ಪ್ರಕಾರ. ಇನ್ನು ಸುತ್ತು ಹಾಕುವಾಗ ಸೆಕೆಂಡಿಗೆ ಸುಮಾರು 1 ಮೀಟರ್ ಇಳಿಯುತ್ತೇವೆ ಎನ್ನಿ. ಗಾಳಿ 3 ಮೀಟರ್ ವೇಗದಲ್ಲಿ ಏರುತ್ತಿದ್ದರೆ ಉಳಿದ 2 ಮೀಟರ್ ನಮ್ಮ ಲಾಭ. ನಿಮಿಷಕ್ಕೆ 120 ಮೀಟರ್ ಎತ್ತರ ಪುಕ್ಕಟೆ.

ತರಬೇತಿಯ ದಿನ ಬೆಳಿಗ್ಗೆ ಬೇಗ ಶುರುವಾಗುತ್ತದೆ. ಗ್ಲೈಡರನ್ನು ಎಲ್ಲರೂ ಸೇರಿ ಶೆಡ್ಡಿನಿಂದ ಕೈಯಲ್ಲೇ ತಳ್ಳಬೇಕು, ರೆಕ್ಕೆಯ ಕೀಲು, ಪಿನ್ನು ಒಂದೊಂದನ್ನೂ ಮುಟ್ಟಿ ನೋಡಬೇಕು. ಹಾರಾಟಕ್ಕಿಂತ ತಳ್ಳಾಟವೇ ಜಾಸ್ತಿಯಾಯಿತಲ್ಲ ಅನಿಸಿದರೆ ಬೇಸರ ಬೇಡ, ಎಲ್ಲ ಕ್ಲಬ್ಬಿನಲ್ಲೂ ಅಷ್ಟೇ. ಮುಂದಿನ ಸೀಟು ನಿಮ್ಮದು, ಹಿಂದಿನದು ಗುರುಗಳದು. ಒಬ್ಬರು ರೆಕ್ಕೆಯ ತುದಿ ಹಿಡಿದು ಸಮ ಮಾಡುತ್ತಾರೆ. ಮೈದಾನದ ಆ ತುದಿಯ ವಿಂಚ್ ಯಂತ್ರ ಹಗ್ಗವನ್ನು ಸುತ್ತಿಕೊಳ್ಳತೊಡಗುತ್ತದೆ. ಅರ್ಧ ನಿಮಿಷದಲ್ಲಿ 300–400 ಮೀಟರ್ ಮೇಲಿರುತ್ತೀರಿ. ಹಳದಿ ಗುಬುಟು ಎಳೆದರೆ ಹಗ್ಗ ಕಳಚುತ್ತದೆ. ಥರ್ಮಲ್ ಸಿಗದಿದ್ದರೆ ಐದಾರು ನಿಮಿಷದಲ್ಲಿ ಮತ್ತೆ ನೆಲ.

ಕಣ್ಣೆದುರು ಗಾಜಿನ ಮೇಲೆ ಬಣ್ಣದ ಉಣ್ಣೆಯ ಒಂದು ಗೇಣು ದಾರ ಅಂಟಿಸಿರುತ್ತಾರೆ. ಕಾಕ್‌ಪಿಟ್ಟಿನ ದುಬಾರಿ ಉಪಕರಣಗಳಿಗಿಂತ ಹೊಸಬರಿಗೆ ಹೆಚ್ಚು ಪಾಠ ಹೇಳುವುದು ಇದೇ ಎಂಬುದು ನನ್ನ ಅಭಿಪ್ರಾಯ. ದಾರ ನೆಟ್ಟಗೆ ಹಿಂದಕ್ಕೆ ಮಲಗಿದ್ದರೆ ಗ್ಲೈಡರ್ ಗಾಳಿಯನ್ನು ನೇರವಾಗಿ ಸೀಳುತ್ತಿದೆ. ಅದರ ತುದಿ ಬಲಕ್ಕೆ ಓಡಿದರೆ ಮೂತಿ ಬಲಕ್ಕೆ ಸೊಟ್ಟಗಾಗಿದೆ. ಎಡಗಾಲಿನ ಪೆಡಲ್ ಒತ್ತಬೇಕು. ವೇರಿಯೋಮೀಟರ್ ಎಂಬ ಮುಳ್ಳು ನಾವು ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಹೇಳುತ್ತದೆ, ಆದರೆ ಕ್ಷಣ ತಡವಾಗಿ. ಅದಕ್ಕೂ ಮೊದಲು ಸೀಟು ನಿಮ್ಮನ್ನು ಎತ್ತಿದ್ದು ಸೊಂಟಕ್ಕೆ ಗೊತ್ತಾಗಿರುತ್ತದೆ. ಆಗ ತಿರುಗಬೇಕು. ಅಲ್ಲಿ ಮೊದಲೇ ಬೇರೆ ಗ್ಲೈಡರ್ ಸುತ್ತುತ್ತಿದ್ದರೆ ಅದು ತಿರುಗುವ ದಿಕ್ಕಿಗೇ ತಿರುಗುವುದು ಕಟ್ಟುನಿಟ್ಟಿನ ನಿಯಮ.

ರಥ ಎಳೆಯುವ ಹೊತ್ತಿಗೆ ಮೇಲೆ ಗರುಡ ಸುತ್ತಿದರೆ ನಮ್ಮ ಕಡೆ ಜನ ಕೈ ಮುಗಿಯುತ್ತಾರೆ. ಬಿಸಿಲು, ಕಾದ ಬೀದಿ, ಕಲ್ಲಿನ ಗೋಪುರ, ಸುತ್ತ ಬೋಳು ಬೆಟ್ಟ ಇದ್ದಲ್ಲಿ ಗರುಡನಿಗೆ ಮೇಲೇರುವುದು ಸುಲಭ. ಭಕ್ತಿಗೆ ಭಕ್ತಿ, ಥರ್ಮಲ್ಲಿಗೆ ಥರ್ಮಲ್. ರಂಗನತಿಟ್ಟಿನ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳಂಥ ಭಾರದ ಹಕ್ಕಿಗಳೂ ಬಿಸಿಲೇರಿದ ಮೇಲೆ ಹೀಗೇ ಸುತ್ತಿ ಏರಿ, ಮೇಲಿಂದ ದೂರಕ್ಕೆ ಜಾರುತ್ತವೆ. ಮುಂಗಾರಿನಲ್ಲಿ ಇನ್ನೊಂದು ಬಗೆಯ ಏರುಗಾಳಿ ಉಂಟು: ನೈಋತ್ಯದ ಗಾಳಿ ಕುಂತಿಬೆಟ್ಟದಂಥ ಗುಡ್ಡಕ್ಕೆ ಬಡಿದು ಮೇಲಕ್ಕೆ ತಿರುಗುತ್ತದೆ.

ಥರ್ಮಲ್ ಕೈಕೊಟ್ಟರೆ ಹೊಲದಲ್ಲೇ ಇಳಿಯಬೇಕಾಗುತ್ತದೆ, ಅದೂ ಪಾಠದ ಭಾಗವೇ. ಆಳೆತ್ತರದ ಕಬ್ಬು ಬೇಡ, ಬದುಗಳಿರುವ ಕೆಸರುಗದ್ದೆ ಬೇಡ, ತೆಂಗಿನ ಸಾಲು, ಕರೆಂಟು ತಂತಿ ಇರುವ ಕಡೆ ಬೇಡವೇ ಬೇಡ. ಬೇಸಿಗೆಯ ನಾಗಮಂಗಲದ ಖಾಲಿ ಹೊಲ ವಾಸಿ. ಗಾಳಿಯ ದಿಕ್ಕನ್ನು ಎಲ್ಲೋ ಕಬ್ಬಿನ ತರಗು ಸುಡುವ ಹೊಗೆ ತೋರಿಸುತ್ತದೆ.

ಎಂಜಿನ್ನಿಲ್ಲದ ಈ ವಿಮಾನ ನಮ್ಮ ನಾಡಿಗೆ ಹೊಸದಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹುಟ್ಟಿದ ಸ್ವಲ್ಪ ಕಾಲದಲ್ಲೇ ಅಲ್ಲಿ ವಿ.ಎಂ. ಘಾಟಗೆ ಅವರು ಜಿ-1 ಎಂಬ ಗ್ಲೈಡರನ್ನು ವಿನ್ಯಾಸ ಮಾಡಿದರು. ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ವಾಯುಗತಿ ವಿಜ್ಞಾನಿ ಪ್ರಾಂಟ್ಲ್ ಅವರ ಶಿಷ್ಯರಾಗಿದ್ದವರು ಅವರು. ಕಲಿಕೆಗೆ ಹೆಸರಾದದ್ದು ಪುಣೆಯ ಹಡಪ್ಸರದ ಗ್ಲೈಡಿಂಗ್ ಕೇಂದ್ರ. ಅಲ್ಲಿ ತರಬೇತಿ ನಡೆಯುತ್ತಿದೆಯೇ ಎಂದು ವಿಚಾರಿಸಿಕೊಂಡೇ ಹೊರಡಿ. ನೀರಿನ ಬಾಟಲಿ, ಟೋಪಿ ಇರಲಿ. ಟೋಪಿಗೆ ಅಗಲದ ಅಂಚು ಬೇಡ. ಇದ್ದರೆ ನೆತ್ತಿಯ ಮೇಲೆ ಯಾರು ಸುತ್ತುತ್ತಿದ್ದಾರೆಂದು ಕಾಣುವುದಿಲ್ಲ.