ಕೆಎ ನಂಬರಿನ ಹಳೇ ಪಿಕಪ್: ಕೊಳ್ಳಲೇ, ಬಿಡಲೇ?

ಕೆಎ ನಂಬರಿನ ಬೊಲೆರೊ ಪಿಕಪ್ ಹಿಂದೂಪುರದಲ್ಲಿ ಅಗ್ಗಕ್ಕೆ ಸಿಗುತ್ತಿದೆ, ಕಲ್ಯಾಣದುರ್ಗಕ್ಕೆ ತರಲೇ ಎಂದು ಕೇಳಿದ್ದೀರಿ. ಹೊಸ ಪೇಂಟು ನೋಡಿ ಮುಂಗಡ ಕೊಟ್ಟುಬಿಡಬೇಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಎದುರಿಗೇ ಸ್ಟಾರ್ಟ್ ಮಾಡಿಸಿ. ಸ್ವಲ್ಪ ಹೊತ್ತು ಓಡಿದ ಮೇಲೆ ಆಯಿಲ್ ಮುಚ್ಚಳ ತೆಗೆಸಿ. ಹೊಗೆ ಬುಸುಬುಸು ಉಗುಳಿದರೆ ರಿಂಗು, ಬೋರು ಸವೆದಿರುವ ಸಂಭವ ಹೆಚ್ಚು. ಆಮೇಲೆ ಗಾಡಿಯಡಿ ತೂರಿ, ಹಿಂದಿನ ಸ್ಪ್ರಿಂಗ್ ಪಟ್ಟಿ ಕೂತಿರುವ ಕಡೆ ಚಾಸಿಗೆ ವೆಲ್ಡಿಂಗ್ ಆಗಿದೆಯೇ ನೋಡಿ. ಆಗಿದ್ದರೆ, ಜೊತೆಗೆ ಹೆಚ್ಚುವರಿ ಪಟ್ಟಿಯೂ ಇದ್ದರೆ, ಹುಣಸೆ ಮೂಟೆಯನ್ನೋ ಜಲ್ಲಿಯನ್ನೋ ಮಿತಿಮೀರಿ ಹೊತ್ತಿದೆ. ನಾನಂತೂ ಎಷ್ಟು ಅಗ್ಗವಾದರೂ ಕೊಳ್ಳಲಾರೆ.

ಕರ್ನಾಟಕದ ಆರ್‌ಟಿಒ ಎನ್‌ಒಸಿ, ಸಾಲವಿದ್ದರೆ ಅದು ತೀರಿದ್ದಕ್ಕೆ ಫಾರಂ 35 ಕೈಸೇರದೆ ಪೂರ್ತಿ ಹಣ ಎಣಿಸಬೇಡಿ. 8 ವರ್ಷ ದಾಟಿದ ಸರಕು ಗಾಡಿಗೆ ವರ್ಷವರ್ಷ ಎಫ್‌ಸಿ ಮಾಡಿಸಬೇಕು. ಆ ಖರ್ಚು ಹೇಳಿಯೇ ಚೌಕಾಸಿ ಮಾಡಿ. ತಂದ ಕೂಡಲೇ ಆಯಿಲ್, ಡೀಸೆಲ್ ಫಿಲ್ಟರ್ ಬದಲಿಸಿ.