ಸುಟ್ಟ ಕಾಡಿನ ಮಣ್ಣು

2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿತ್ತು. ಸಾವಿರಾರು ಎಕರೆ ಸುಟ್ಟಿತು. ಹುಲ್ಲು, ತರಗೆಲೆ, ಲಂಟಾನದ ಪೊದೆ ಬೂದಿಯಾದವು.

ಒಲೆಯ ಇದ್ದಿಲು ನಾವು ನೋಡಿದ್ದೇವೆ. ಅದು ಬಹುಪಾಲು ಇಂಗಾಲ. ಮರ ಗಾಳಿಯಿಂದ ಇಂಗಾಲ ಎಳೆದುಕೊಂಡು ಬೆಳೆಯುತ್ತದೆ. ಸುಟ್ಟರೆ ಅದು ಹೊಗೆಯ ಜೊತೆ ಗಾಳಿಗೆ ವಾಪಸ್ಸು. ಭೂಮಿಯ ಬಿಸಿ ಏರುತ್ತದೆ.

ನಮ್ಮೂರ ಗುಡ್ಡಕ್ಕೂ ಬೆಂಕಿ ಬಿದ್ದರೆ ಎಲ್ಲಾ ಹೋಯಿತು ಅಂತ ಕೂರಬಾರದು. ಮಣ್ಣೊಳಗೆ ಬೇರು, ಕೊಳೆತ ಎಲೆಯ ಸಾರ ಉಳಿದಿರುತ್ತದೆ. ಅದರಲ್ಲೂ ಇಂಗಾಲ ಉಂಟು. ಬರಿ ನೆಲಕ್ಕೆ ಜೋರು ಮಳೆ ಬಿದ್ದರೆ ಮೇಲ್ಮಣ್ಣು ಕೊಚ್ಚಿಕೊಂಡು ಹಳ್ಳ ಸೇರುತ್ತದೆ.

ಬಿದ್ದ ಮರ ಕಂಡರೆ ನಮಗೆ ಸೌದೆಯ ಆಸೆ. ಒಲೆ ಉರೀಬೇಕಲ್ಲ! ಆದರೂ ಎಳೆದು ತರೋದು ಬೇಡ. ಇಳಿಜಾರಿಗೆ ಅಡ್ಡ ಬಿದ್ದ ದಿಮ್ಮಿ ಮಣ್ಣು ತಡೆಯುತ್ತದೆ. ಮಳೆ ಬಿದ್ದಮೇಲೆ ಸುಟ್ಟ ಬುಡವೂ ಚಿಗುರೀತು. ಚಿಗುರು ಆಳೆತ್ತರ ಆಗೋವರೆಗೆ ದನ, ಆಡು ಅತ್ತ ಬಿಡಬಾರದು.